ಪರಮಾರ್ಥವೂ ಪೇಟೆಯೂ

ಹಿಂದೂ ಧರ್ಮವು ಪರಲೋಕದ ಕಡೆಗೆ ಮುಖ ಮಾಡಿದ ಧರ್ಮ. ಹಣ, ವ್ಯಾಪಾರ, ಉದ್ಯಮಗಳೆಂದರೆ ಅದಕ್ಕೆ ತಾತ್ಸಾರ. ಆದುದರಿಂದಲೇ ಈ ದೇಶ ಬಡವಾಯಿತು - ಈ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆಂದರೆ, ಅದು ನಿಜವೋ ಸುಳ್ಳೋ ಎಂದು ವಿಚಾರಿಸುವುದನ್ನೇ ಬಿಟ್ಟಿದ್ದೇವೆ. ಈಚಿನ ದಿನಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಮಾತೂ ಕೇಳಿಬರುತ್ತಿದೆ. ನಮ್ಮ ಉದ್ಯಮಿಗಳು ಮುಂದೆ ಬಂದಿರುವುದಕ್ಕೆ ನಮ್ಮ ಆಧ್ಯಾತ್ಮವೇ ಕಾರಣ, ಗೀತೆಯನ್ನು ಓದಿದವನು ಅಂಗಡಿಯನ್ನೂ ಚೆನ್ನಾಗಿ ನಡೆಸಬಲ್ಲನು ಎಂದು ಹೇಳುವವರು ಹೆಚ್ಚುತ್ತಿದ್ದಾರೆ. ಬಡತನ ಬಂದಾಗ ಧರ್ಮವನ್ನು ದೂಷಿಸುವುದು, ಸಿರಿ ಬಂದಾಗ ಅದೇ ಧರ್ಮವನ್ನು ಹೊಗಳುವುದು - ಎರಡೂ ಸುಲಭವಾದ ಕೆಲಸಗಳೇ. ಇತಿಹಾಸ ಏನು ಹೇಳುತ್ತದೆಂದು ನೋಡುವುದು ಸ್ವಲ್ಪ ಕಷ್ಟದ ಕೆಲಸ. ಆದರೆ ಕಲ್ಲಿನ ಮೇಲೆ ಕೊರೆದ ಲೆಕ್ಕಪತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳನ್ನು ಓದುವ ತಾಳ್ಮೆಯಿದ್ದರೆ ಸಾಕು.

ಮೊದಲನೆಯ ಮಾತಿಗೆ ಶಾಸ್ತ್ರೀಯವಾದ ರೂಪ ಕೊಟ್ಟವನು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್. ಯೂರೋಪಿನ ಬಂಡವಾಳಶಾಹಿಯ ಹುಟ್ಟಿಗೆ ಪ್ರಾಟೆಸ್ಟಂಟ್ ಪಂಥದ ಮನೋಧರ್ಮ ನೆರವಾಯಿತೆಂದು 1904-05ರಲ್ಲಿ ಬರೆದ ಈತ, ಮುಂದೆ 1916-17ರಲ್ಲಿ ಹಿಂದೂ ಮತ್ತು ಬೌದ್ಧ ಧರ್ಮಗಳ ಮೇಲೆ ಒಂದು ದೀರ್ಘ ಪ್ರಬಂಧವನ್ನೇ ರಚಿಸಿದನು. ಭಾರತದಲ್ಲಿ ವ್ಯಾಪಾರವಿರಲಿಲ್ಲ, ಸಾಹುಕಾರರಿರಲಿಲ್ಲ ಎಂದು ವೇಬರ್ ಹೇಳಲಿಲ್ಲ. ಅಷ್ಟು ಅವನಿಗೆ ಗೊತ್ತಿತ್ತು. ಕರ್ಮಸಿದ್ಧಾಂತವೂ ಜಾತಿಪದ್ಧತಿಯೂ ಸೇರಿ ಮನುಷ್ಯನನ್ನು ಅವನವನ ಕುಲವೃತ್ತಿಗೆ ಕಟ್ಟಿಹಾಕಿದುವು, ಆದುದರಿಂದ ವ್ಯವಸ್ಥಿತವಾದ ಹೊಸ ಉದ್ಯಮಜೀವನ ಇಲ್ಲಿ ತಾನಾಗಿಯೇ ಹುಟ್ಟಲಾರದಾಯಿತು ಎಂಬುದು ಅವನ ವಾದ. 1958ರಲ್ಲಿ ಆ ಪ್ರಬಂಧ ಇಂಗ್ಲಿಷಿಗೆ ಬಂದಮೇಲೆ ನಮ್ಮ ವಿದ್ವಾಂಸರೂ ಅದರ ಪರವಾಗಿ, ವಿರೋಧವಾಗಿ ಸಾಕಷ್ಟು ಬರೆದರು. 1978ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಕೃಷ್ಣ ಅವರು ದೇಶದ ಉತ್ಪನ್ನ ವರ್ಷಕ್ಕೆ ಶೇಕಡ 3.5ರ ಸುತ್ತಮುತ್ತ ಮಾತ್ರ ಬೆಳೆಯುತ್ತಿದ್ದುದನ್ನು ಕಂಡು ಅದನ್ನು 'ಹಿಂದೂ ಬೆಳವಣಿಗೆಯ ದರ' ಎಂದು ವಿನೋದವಾಗಿ ಕರೆದರು. ವಿನೋದದ ಮಾತು ಬೇಗನೆ ಸಿದ್ಧಾಂತವಾಗಿಬಿಟ್ಟಿತು.

ಎರಡು ಬಗೆಯ ಬಡ್ಡಿ

ನಮ್ಮ ಶಾಸ್ತ್ರಗಳು ಹಣವನ್ನು ಹಳಿದುವೇ? ಧರ್ಮ, ಅರ್ಥ, ಕಾಮ, ಮೋಕ್ಷಗಳೆಂಬ ನಾಲ್ಕು ಪುರುಷಾರ್ಥಗಳಲ್ಲಿ ಅರ್ಥಕ್ಕೂ ಒಂದು ಮಣೆ ಹಾಕಿರುವುದು ಎಲ್ಲರಿಗೂ ತಿಳಿದ ವಿಷಯ. ಕೌಟಿಲ್ಯನಂತೂ ಧರ್ಮ ಕಾಮಗಳೆರಡಕ್ಕೂ ಅರ್ಥವೇ ಬೇರೆಂದು ನೇರವಾಗಿ ಹೇಳಿಬಿಟ್ಟಿದ್ದಾನೆ. ಅವನ ಗ್ರಂಥವು ಶತಮಾನಗಳ ಕಾಲ ಕಣ್ಮರೆಯಾಗಿದ್ದು, ಮತ್ತೆ ಬೆಳಕು ಕಂಡದ್ದು ನಮ್ಮ ಮೈಸೂರಿನಲ್ಲಿ. ಅಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಮುದ್ರಿಸಿದರು. ಹಿಂದೂಗಳಿಗೆ ಇಹದ ಚಿಂತೆಯೇ ಇರಲಿಲ್ಲವೆಂಬ ಮಾತನ್ನು ಆಮೇಲೆ ಯಾರೂ ಪೂರ್ತಿ ಧೈರ್ಯದಿಂದ ಆಡುವಂತಿರಲಿಲ್ಲ.

ಆ ಗ್ರಂಥದಲ್ಲಿ ಬಡ್ಡಿಯ ವಿಚಾರ ಬರುತ್ತದೆ. ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ನ್ಯಾಯವಾದ ಬಡ್ಡಿ, ವ್ಯಾಪಾರಕ್ಕಾದರೆ 5, ಕಾಡುದಾರಿಯಲ್ಲಿ ಹೋಗುವ ವರ್ತಕನಿಗೆ 10, ಕಡಲ ಮೇಲೆ ಹೋಗುವವನಿಗೆ 20. ಅಪಾಯ ಹೆಚ್ಚಿದಷ್ಟೂ ಬಡ್ಡಿ ಹೆಚ್ಚು. ಇಂದಿನ ಯಾವ ಬ್ಯಾಂಕಿನವರಿಗಾದರೂ ಈ ತರ್ಕ ಕೂಡಲೇ ಅರ್ಥವಾಗುತ್ತದೆ. ಲಾಭಕ್ಕೂ ಕೌಟಿಲ್ಯ ಮಿತಿ ಹಾಕಿದ್ದಾನೆ: ಸ್ವದೇಶದ ಸರಕಿನ ಮೇಲೆ ನೂರಕ್ಕೆ 5, ಪರದೇಶದ ಸರಕಿನ ಮೇಲೆ 10.

ಆದರೆ ಮನುಸ್ಮೃತಿಯಲ್ಲಿ ಇನ್ನೊಂದು ಲೆಕ್ಕವಿದೆ. ಅಲ್ಲಿ ವರ್ಣಕ್ರಮದಿಂದ ಬ್ರಾಹ್ಮಣನಿಗೆ ನೂರಕ್ಕೆ ತಿಂಗಳಿಗೆ 2, ಕ್ಷತ್ರಿಯನಿಗೆ 3, ವೈಶ್ಯನಿಗೆ 4, ಶೂದ್ರನಿಗೆ 5. ವರ್ಷದ ಲೆಕ್ಕ ಹಾಕಿದರೆ ಒಬ್ಬನಿಗೆ 24, ಇನ್ನೊಬ್ಬನಿಗೆ 60. ಕೈಯಲ್ಲಿ ಕಾಸಿಲ್ಲದವನೇ ಹೆಚ್ಚು ತೆರಬೇಕು! ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಈ ಎರಡು ಲೆಕ್ಕಗಳೂ ಅಕ್ಕಪಕ್ಕದ ಶ್ಲೋಕಗಳಲ್ಲೇ ಕುಳಿತಿವೆ. ಒಂದು ಅಪಾಯದ ಲೆಕ್ಕ, ಇನ್ನೊಂದು ಹುಟ್ಟಿನ ಲೆಕ್ಕ. ನಮ್ಮ ಆರ್ಥಿಕ ಇತಿಹಾಸದ ಬಹುಭಾಗವನ್ನು ಈ ಎರಡು ಲೆಕ್ಕಗಳ ಜಗಳವೆಂದೇ ಓದಬಹುದು.

ಇವೆರಡರ ಜೊತೆಗೆ ಸಾಲಗಾರನನ್ನು ಕಾಯುವ ಮೂರನೆಯ ನಿಯಮವೊಂದೂ ಇತ್ತು. ಬಡ್ಡಿ ಎಷ್ಟೇ ಬೆಳೆಯಲಿ, ಒಂದು ಸಲಕ್ಕೆ ವಸೂಲು ಮಾಡುವಾಗ ಅದು ಅಸಲನ್ನು ಮೀರಕೂಡದು. ಇದಕ್ಕೆ ದಾಮದುಪ್ಪಟವೆಂದು ಹೆಸರು. ಇಂಗ್ಲಿಷರ ಆಳಿಕೆಯಲ್ಲಿಯೂ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಹಿಂದೂ ಸಾಲಗಾರರ ವಿಷಯದಲ್ಲಿ ಈ ನಿಯಮವನ್ನು ಮನ್ನಿಸುತ್ತಿದ್ದುವು. ಆ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರಗಳ ಕಡೆ ಹಳಬರಿಗೆ ಈ ಹೆಸರು ಅಪರಿಚಿತವಾಗಿರಲಿಲ್ಲ.

ಕಲ್ಲಿನ ಮೇಲಿನ ಖಾತೆ

ಶಾಸ್ತ್ರ ಹೇಳುವುದು ಒಂದು, ಜನ ನಡೆಯುವುದು ಒಂದು. ಜನರು ಹೇಗೆ ನಡೆದರೆಂಬುದಕ್ಕೆ ಶಾಸನಗಳೇ ಸಾಕ್ಷಿ. ಕ್ರಿಸ್ತಶಕ 2ನೆಯ ಶತಮಾನದ ಮೊದಲ ಭಾಗದಲ್ಲಿ ಕ್ಷತ್ರಪ ನಹಪಾನನ ಅಳಿಯ ಉಷವದಾತನು ನಾಸಿಕದ ಒಂದು ಗುಹೆಯಲ್ಲಿ ತನ್ನ ದಾನವನ್ನು ಕೊರೆಯಿಸಿದ್ದಾನೆ. ದೇವತೆಗಳಿಗೂ ಬ್ರಾಹ್ಮಣರಿಗೂ ಧಾರಾಳವಾಗಿ ಕೊಟ್ಟ ಈತ ಇಲ್ಲಿ ಬೌದ್ಧ ಭಿಕ್ಷುಗಳಿಗೆ ಕೊಟ್ಟಿದ್ದಾನೆ. ಹಣ 3,000 ಕಾರ್ಷಾಪಣ. ಅದರಲ್ಲಿ 2,000ವನ್ನು ಒಂದು ನೇಕಾರರ ಶ್ರೇಣಿಯಲ್ಲಿ ತಿಂಗಳಿಗೆ ನೂರಕ್ಕೆ 1ರ ಬಡ್ಡಿಗೂ, 1,000ವನ್ನು ಇನ್ನೊಂದು ಶ್ರೇಣಿಯಲ್ಲಿ ಮುಕ್ಕಾಲರ ಬಡ್ಡಿಗೂ ಇಟ್ಟನು. ಅಸಲನ್ನು ಮುಟ್ಟುವಂತಿಲ್ಲ, ಬಡ್ಡಿಯನ್ನು ಮಾತ್ರ ಬಳಸಬೇಕು. ಎರಡು ಸಾವಿರಕ್ಕೆ ವರ್ಷದ ಬಡ್ಡಿ 240. ಮಳೆಗಾಲದಲ್ಲಿ ಗುಹೆಯಲ್ಲಿ ತಂಗುವ 20 ಭಿಕ್ಷುಗಳಿಗೆ ತಲಾ 12ರಂತೆ ಬಟ್ಟೆಯ ಹಣ. ಲೆಕ್ಕ ಒಂದು ಕಾಸೂ ಆಚೀಚೆಯಾಗದಂತೆ ಕೂಡುತ್ತದೆ!

ರಾಜನ ಅಳಿಯನೊಬ್ಬ ತನ್ನ ಪುಣ್ಯವನ್ನು ನೇಕಾರರ ಕೈಯಲ್ಲಿ ನಂಬಿ ಇಟ್ಟನು. ಕ್ರಿಸ್ತಶಕ 465ರ ಸುಮಾರಿಗೆ, ಸ್ಕಂದಗುಪ್ತನ ಕಾಲದಲ್ಲಿ, ಇಂದ್ರಪುರದ ಬ್ರಾಹ್ಮಣನೊಬ್ಬ ಸೂರ್ಯದೇವಾಲಯದ ನಂದಾದೀಪಕ್ಕಾಗಿ ಗಾಣಿಗರ ಶ್ರೇಣಿಯಲ್ಲಿ ದತ್ತಿಯಿಟ್ಟನು. ಸೂರ್ಯಚಂದ್ರರಿರುವವರೆಗೆ ದೀಪಕ್ಕೆ ಎಣ್ಣೆ ಕೊಡುವ ಹೊಣೆ ಗಾಣಿಗರದು. ದೇವರ ಹೆಸರು ಇಲ್ಲಿ ಒಂದು ದೊಡ್ಡ ಕೆಲಸ ಮಾಡುತ್ತಿತ್ತು. ಹಣ ಕೊಟ್ಟವನು ಸತ್ತಮೇಲೂ ಒಪ್ಪಂದ ಉಳಿಯುತ್ತದೆಂಬ ಭರವಸೆಯನ್ನು ಅದು ಒದಗಿಸುತ್ತಿತ್ತು. ವ್ಯಾಪಾರಕ್ಕೆ ಬಂಡವಾಳಕ್ಕಿಂತಲೂ ಮೊದಲು ಬೇಕಾದದ್ದು ಇಂಥ ನಂಬಿಕೆಯೇ.

ದಕ್ಷಿಣದ ದೊಡ್ಡ ದೇವಾಲಯಗಳು ಇದನ್ನು ಇನ್ನೂ ವಿಸ್ತಾರವಾಗಿ ನಡೆಸಿದುವು. 1010ರಲ್ಲಿ ಪೂರ್ತಿಯಾದ ತಂಜಾವೂರಿನ ದೇವಾಲಯದ ದತ್ತಿಹಣವನ್ನು ಗ್ರಾಮಸಭೆಗಳಿಗೆ ವರ್ಷಕ್ಕೆ ಶೇಕಡ 12½ರ ಬಡ್ಡಿಗೆ ಕೊಡುತ್ತಿದ್ದರು. ವಿಜಯನಗರದ ಕಾಲದಲ್ಲಿ ತಿರುಪತಿಗೆ ಬಂದ ಕಾಣಿಕೆಯ ಹಣ ದೇವಾಲಯದ ಹಳ್ಳಿಗಳಲ್ಲಿ ಕೆರೆ ಕಾಲುವೆಗಳನ್ನು ತೋಡಿಸುವುದಕ್ಕೆ ಹೋಯಿತು. ಹೊಲದ ಫಲ ಹೆಚ್ಚಿತು. ಹೆಚ್ಚಿದ ಫಲದಲ್ಲಿ ದೇವರ ನೈವೇದ್ಯ ನಡೆಯಿತು. ಅಮೆರಿಕದ ಇತಿಹಾಸಕಾರ ಬರ್ಟನ್ ಸ್ಟೈನ್ 1960ರಲ್ಲಿ ಇದನ್ನು ಶಾಸನಗಳ ಆಧಾರದಿಂದ ವಿವರಿಸಿ ತೋರಿಸಿದನು. ಹುಂಡಿಗೆ ಬಿದ್ದ ಹೊನ್ನು ನೆಲಮಾಳಿಗೆಯಲ್ಲಿ ಕೊಳೆಯಿತೆಂದು ಎಲ್ಲ ಕಡೆಯೂ ಹೇಳುವಂತಿಲ್ಲ.

ಅಯ್ಯಾವೊಳೆಯ ಐನೂರ್ವರು

ಇನ್ನು ನಮ್ಮ ನಾಡಿನ ಮಾತು. ಬಾಗಲಕೋಟೆ ಜಿಲ್ಲೆಯ ಐಹೊಳೆಗೆ ಇಂದು ಹೋಗುವವರು ದುರ್ಗಗುಡಿಯನ್ನೂ ಲಾಡಖಾನ ಗುಡಿಯನ್ನೂ ನೋಡಿ ಬರುತ್ತಾರೆ. ಈ ಊರಿನ ಹೆಸರನ್ನು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಂಘ ದಕ್ಷಿಣದೇಶವನ್ನೆಲ್ಲ ಶತಮಾನಗಳ ಕಾಲ ಓಡಾಡಿತೆಂಬುದು ಎಲ್ಲರ ನೆನಪಿನಲ್ಲಿರುವುದಿಲ್ಲ. ತಮ್ಮ ನಡತೆಯ ಕಟ್ಟಳೆಗೆ ಇವರು 'ವೀರ ಬಣಂಜು ಧರ್ಮ' ಎಂದು ಹೆಸರಿಟ್ಟಿದ್ದರು. ವ್ಯಾಪಾರವನ್ನೇ ಒಂದು ಧರ್ಮವೆಂದು, ಅದೂ ವೀರರ ಧರ್ಮವೆಂದು ಕರೆದುಕೊಂಡ ಜನ ಇವರು. ಶಿಕಾರಿಪುರದ 11ನೆಯ ಶತಮಾನದ ಶಾಸನವೊಂದು ಇವರು ಚೇರ, ಚೋಳ, ಪಾಂಡ್ಯ, ಮಗಧ, ಸೌರಾಷ್ಟ್ರ, ನೇಪಾಳಗಳಲ್ಲಿ ಓಡಾಡಿದುದನ್ನೂ, ಆನೆ, ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಗಳನ್ನು ಮಾರಿದುದನ್ನೂ ಎಣಿಸಿ ಹೇಳುತ್ತದೆ. ಸಂಘದಲ್ಲಿ ಶೈವರಿದ್ದರು, ವೈಷ್ಣವರಿದ್ದರು, ಜೈನರೂ ಇದ್ದರು. ಹೋದ ಕಡೆಯಲ್ಲೆಲ್ಲ ತಮ್ಮ ಹೇರುಗಳ ಮೇಲೆ ತಾವೇ ಸುಂಕ ಹಾಕಿಕೊಂಡು ಗುಡಿಗಳಿಗೂ ಬಸದಿಗಳಿಗೂ ಕೊಟ್ಟರು.

ಕಡಲಯಾನ ಮಾಡಿದವನಿಗೆ ಬೌಧಾಯನನ ಧರ್ಮಸೂತ್ರ ಪ್ರಾಯಶ್ಚಿತ್ತವನ್ನು ವಿಧಿಸುತ್ತದೆ. ಆದರೂ ಸುಮಾತ್ರ ದ್ವೀಪದ ಬಾರುಸ್ ಬಳಿ ಐನೂರ್ವರ ತಮಿಳು ಶಾಸನ ಸಿಕ್ಕಿದೆ; ಅದರ ಕಾಲ 1088. ಬರ್ಮದ ಪಗಾನಿನಲ್ಲಿ 'ನಾನಾದೇಶಿ' ವರ್ತಕರ ಹೆಸರಿನ ವಿಷ್ಣು ದೇವಾಲಯವೇ ಇತ್ತು. ಕುಲವೃತ್ತಿಯ ಕಟ್ಟೂ ಎಲ್ಲೆಡೆ ಬಿಗಿಯಾಗಿರಲಿಲ್ಲ. ಲಾಟದೇಶದಿಂದ ದಶಪುರಕ್ಕೆ ಬಂದ ರೇಷ್ಮೆ ನೇಕಾರರು 436ರಲ್ಲಿ ಸೂರ್ಯದೇವಾಲಯ ಕಟ್ಟಿಸಿ 473ರಲ್ಲಿ ಅದನ್ನು ದುರಸ್ತಿ ಮಾಡಿಸಿದ ಶಾಸನದಲ್ಲಿ, ಅವರಲ್ಲಿ ಕೆಲವರು ಬಿಲ್ವಿದ್ಯೆಯನ್ನೂ, ಕೆಲವರು ಜ್ಯೋತಿಷವನ್ನೂ ಹಿಡಿದರೆಂದು ಹೆಮ್ಮೆಯಿಂದ ಹೇಳಿದೆ. ವೇಬರನ ಚಿತ್ರ ಸುಳ್ಳಲ್ಲದಿರಬಹುದು, ಪೂರ್ತಿಯಂತೂ ಅಲ್ಲ.

ಒಂದೇ ಕಲ್ಯಾಣ

ಹಾಗಾದರೆ ಕೊರತೆ ಎಲ್ಲಿತ್ತು? ಇದಕ್ಕೆ ಉತ್ತರವನ್ನು ಕಲ್ಯಾಣ ಪಟ್ಟಣದಲ್ಲಿ ಹುಡುಕಬಹುದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಗೆ ಭಾರತದ ಹೆಚ್ಚಿನ ಭಾಗದಲ್ಲಿ ಈ ಗ್ರಂಥವೇ ಆಧಾರವಾಯಿತು. 1956ರ ಉತ್ತರಾಧಿಕಾರ ಕಾಯಿದೆ, 2005ರ ಅದರ ತಿದ್ದುಪಡಿ ಇವೆಲ್ಲ ಬಂದು ಹೆಣ್ಣುಮಕ್ಕಳಿಗೆ ಪಾಲು ಕೊಡಿಸಿದ ಮೇಲೂ ಅವಿಭಕ್ತ ಕುಟುಂಬವು ಆದಾಯ ತೆರಿಗೆಯ ಕಡತಗಳಲ್ಲಿ ಬದುಕಿಯೇ ಇದೆ. ವರ್ತಕರ ಮನೆತನಗಳಿಗೆ ಬಂಡವಾಳ ಒಡೆದುಹೋಗದಂತೆ ಕಾದುಕೊಳ್ಳಲು ಈ ಏರ್ಪಾಡು ಬಹಳ ಅನುಕೂಲವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಅದೇ ಕಲ್ಯಾಣದಲ್ಲಿ, ಕೆಲವೇ ದಶಕಗಳ ತರುವಾಯ, ಬಿಜ್ಜಳನ ಭಂಡಾರಿ ಬಸವಣ್ಣನವರ ಸುತ್ತ ಶರಣರು ನೆರೆದರು. ಶರಣರ ಮಾರ್ಗವನ್ನು ಹಿಂದೂ ಎಂಬ ಹೆಸರಿನೊಳಗೆ ಸೇರಿಸಬೇಕೇ ಬೇಡವೇ ಎಂಬ ಚರ್ಚೆ ಇಂದೂ ನಡೆದಿದೆ. ಇಲ್ಲಿ ನಮಗೆ ಬೇಕಾದದ್ದು ಇಷ್ಟೆ: ಹುಟ್ಟಿನ ಲೆಕ್ಕವನ್ನು ಅವರು ಹರಿದುಹಾಕಿದರು. ಮೇದಾರ ಕೇತಯ್ಯ, ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ - ಕಸುಬಿನ ಹೆಸರುಗಳೇ ಇಲ್ಲಿ ಗೌರವದ ಹೆಸರುಗಳಾದುವು. ಅದುವರೆಗೆ ಓದು ಬಲ್ಲವನು ಮಗ್ಗವನ್ನು ಮುಟ್ಟುತ್ತಿರಲಿಲ್ಲ, ಮಗ್ಗ ನಡೆಸುವವನ ಕೈಗೆ ಓಲೆ ಕಂಠಗಳು ಬರುತ್ತಿರಲಿಲ್ಲ. ಉದ್ಯಮ ಬೆಳೆಯಬೇಕಾದರೆ ಕೈಯ ಜ್ಞಾನವೂ ತಲೆಯ ಜ್ಞಾನವೂ ಒಂದು ಕಡೆ ಕೂಡಬೇಕು. ನಮ್ಮ ಸಮಾಜದ ನಿಜವಾದ ನಷ್ಟ ಇಲ್ಲಿದೆ. ಪರಲೋಕದ ಚಿಂತೆ ನಮ್ಮನ್ನು ಅಷ್ಟಾಗಿ ಕೆಡಿಸಲಿಲ್ಲ. ದುಡಿಯುವವನನ್ನು ಕೀಳಾಗಿ ಕಂಡದ್ದು ಕೆಡಿಸಿತು. ಯಾರ ಬೆವರಿನ ತೆರಿಗೆಯಿಂದ ಗುಡಿಯ ದೀಪ ಉರಿಯುತ್ತಿತ್ತೋ ಅವರಲ್ಲಿ ಎಷ್ಟೋ ಮಂದಿಗೆ ಗುಡಿಯ ಬಾಗಿಲೇ ತೆರೆದಿರಲಿಲ್ಲ.

ಶರಣರು ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸಿದಂತೆಯೇ ಗಳಿಕೆಗೆ ಒಂದು ಮೇರೆಯನ್ನೂ ಹಾಕಿದರು. ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಬೇಕಾದುದಕ್ಕಿಂತ ಹೆಚ್ಚಿನದು ನಮಗೇಕೆಂದು ಹೆಂಡತಿ ಲಕ್ಕಮ್ಮ ಗದರಿ ಹಿಂದಕ್ಕೆ ಕಳುಹಿದಳೆಂದು ಐತಿಹ್ಯ. ಮಿಕ್ಕದ್ದು ದಾಸೋಹಕ್ಕೆ, ಎಂದರೆ ಸಮಾಜಕ್ಕೆ. ಪ್ರಾಟೆಸ್ಟಂಟನು ಮಿಕ್ಕದ್ದನ್ನು ಮತ್ತೆ ವ್ಯಾಪಾರಕ್ಕೆ ಹೂಡಿದನು ಎಂದು ವೇಬರ್ ಹೇಳುತ್ತಾನೆ. ಲಕ್ಕಮ್ಮನ ಮನೆಯಲ್ಲಿ ಹೂಡುವುದಕ್ಕೆ ಏನೂ ಮಿಗುವಂತಿರಲಿಲ್ಲ. ದುಡಿಮೆಗೆ ಘನತೆ ಬಂದಿತು, ಬಂಡವಾಳ ಬೆಳೆಯಲಿಲ್ಲ. ಇದನ್ನು ದೋಷವೆನ್ನುವವರುಂಟು, ಆದರೆ ಶರಣರು ಸಿರಿವಂತಿಕೆಯ ದಾರಿ ತೋರಿಸುತ್ತೇವೆಂದು ಮಾತು ಕೊಟ್ಟಿರಲಿಲ್ಲ. ನಾಲ್ಕು ಶತಮಾನಗಳ ಅನಂತರ ಪುರಂದರದಾಸರ ಕಥೆಯಲ್ಲಿಯೂ ಇದೇ ತೊಡಕಿದೆ. ನವಕೋಟಿ ನಾರಾಯಣನೆನಿಸಿದ್ದ ಒಡವೆ ಅಡವಿನ ಸಾಹುಕಾರ ಅಂಗಡಿಯನ್ನು ದಾನ ಮಾಡಿ ತಂಬೂರಿ ಹಿಡಿದನು. ಆದರೂ ಅವರ ಹಾಡುಗಳಲ್ಲಿ ಪೇಟೆಯ ಮಾತು, ಮಾರುವ ಕೂಗು ಮಾಯವಾಗಲಿಲ್ಲ.

ದರ ಬದಲಾಯಿತು, ದೇವರು ಬದಲಾಗಲಿಲ್ಲ

ಈಗ 'ಹಿಂದೂ ದರ'ದ ವಿಚಾರಕ್ಕೆ ಬರೋಣ. 20ನೆಯ ಶತಮಾನದ ಮೊದಲರ್ಧದಲ್ಲಿ, ಪರಕೀಯರ ಆಳಿಕೆಯಲ್ಲಿ, ದೇಶದ ವರಮಾನ ಬೆಳೆದದ್ದು ವರ್ಷಕ್ಕೆ ಶೇಕಡ 1ರ ಆಸುಪಾಸು. ಸ್ವಾತಂತ್ರ್ಯದ ಅನಂತರ 1950ರಿಂದ 1980ರವರೆಗೆ ಸುಮಾರು 3.5. ಜನಸಂಖ್ಯೆ ಶೇಕಡ 2ಕ್ಕೂ ಮೀರಿ ಬೆಳೆಯುತ್ತಿದ್ದುದರಿಂದ ತಲೆಗೆ ಬಂದದ್ದು ಬಹಳ ಸ್ವಲ್ಪ. 1980ರ ದಶಕದಲ್ಲಿ ಅದು 5ನ್ನು ದಾಟಿತು. 1991ರ ಸುಧಾರಣೆಗಳ ಅನಂತರದ ದಶಕಗಳಲ್ಲಿ ಸರಾಸರಿ 6ನ್ನು ಮೀರಿತು. ಈ ಅವಧಿಯಲ್ಲಿ ನಮ್ಮ ಪಂಚಾಂಗ ಬದಲಾಗಲಿಲ್ಲ, ಹಬ್ಬಗಳು ಬದಲಾಗಲಿಲ್ಲ, ಕರ್ಮಸಿದ್ಧಾಂತವೂ ಬದಲಾಗಲಿಲ್ಲ. ಬದಲಾದದ್ದು ಲೈಸೆನ್ಸಿನ ಕಟ್ಟಳೆ, ಆಮದು ರಫ್ತಿನ ನೀತಿ, ಬಂಡವಾಳ ದೊರೆಯುವ ದಾರಿ. ಚೀನದ ಕನ್‌ಫ್ಯೂಷಿಯಸನ ಬೋಧನೆಯೂ ಉದ್ಯಮಕ್ಕೆ ಅಡ್ಡಿಯೆಂದು ವೇಬರ್ ಬರೆದಿದ್ದನು. ಆ ಬೋಧನೆಯಲ್ಲಿ ಬೆಳೆದ ತೈವಾನ್, ದಕ್ಷಿಣ ಕೊರಿಯಾಗಳು ಏನಾದುವೆಂದು ಜಗತ್ತು ನೋಡಿದೆ. ಮದರಾಸಿನ ಉದ್ಯಮಪತಿಗಳನ್ನು ಅಭ್ಯಾಸ ಮಾಡಿದ ಮಿಲ್ಟನ್ ಸಿಂಗರ್ 1972ರ ತನ್ನ ಗ್ರಂಥದಲ್ಲಿ, ಅವರು ಮನೆಯಲ್ಲಿ ಮಡಿಯನ್ನೂ ಕಾರ್ಖಾನೆಯಲ್ಲಿ ಯಂತ್ರವನ್ನೂ ಬೇರೆಬೇರೆಯಾಗಿಟ್ಟು ಎರಡನ್ನೂ ನಿರಾತಂಕವಾಗಿ ನಡೆಸುತ್ತಿದ್ದುದನ್ನು ವರ್ಣಿಸಿದ್ದಾನೆ.

ನಮ್ಮ ದಕ್ಷಿಣ ಕನ್ನಡದ ದೃಷ್ಟಾಂತ ಇನ್ನೂ ಹತ್ತಿರದ್ದು. ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಆರಂಭಿಸಿದ ಸಂಸ್ಥೆಯ ಹೆಸರು 'ಕೆನರಾ ಹಿಂದೂ ಪರ್ಮನೆಂಟ್ ಫಂಡ್'. 1910ರಲ್ಲಿ ಹೆಸರಿನಿಂದ ಹಿಂದೂ ಎಂಬ ಮಾತು ಬಿಟ್ಟುಹೋಗಿ ಅದು ಕೆನರಾ ಬ್ಯಾಂಕ್ ಆಯಿತು. ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಬ್ಯಾಂಕು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿತು. ಕೃಷ್ಣಮಠದ ಊರಿನಲ್ಲಿ ಒಬ್ಬ ಮುಸಲ್ಮಾನ ಗೃಹಸ್ಥರ ಬ್ಯಾಂಕು! 1925ರಲ್ಲಿ ಉಡುಪಿಯಲ್ಲಿಯೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನ ಉದ್ದೇಶ ಕಷ್ಟಕ್ಕೆ ಸಿಕ್ಕಿದ್ದ ನೇಕಾರರಿಗೆ ನೆರವಾಗುವುದು; 1928ರಿಂದ ಅದು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಠೇವಣಿ ಸಂಗ್ರಹಿಸಿತು. ಕಾರ್ಪೊರೇಷನ್, ಸಿಂಡಿಕೇಟ್ ಎರಡೂ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದುವು. ಆ ಎರಡಾಣೆಯಲ್ಲಿ ಯಾವ ಧರ್ಮದ ಮುದ್ರೆಯಿತ್ತು? ಕೂಲಿಯವನ ಕಾಸೂ ಕಾಸೇ ಎಂಬ ತಿಳಿವಳಿಕೆ ಅದರಲ್ಲಿತ್ತು.

ಸಿರಿ ಬರುವುದಕ್ಕೆ ಬೇಕಾದ ಕಾರಣಗಳು ಬಹುಮಟ್ಟಿಗೆ ಲೌಕಿಕವಾದುವು. ಬಂದ ಸಿರಿಯನ್ನು ಯಾವ ಲೆಕ್ಕದಿಂದ ಹಂಚಬೇಕು ಎಂಬಲ್ಲಿ ಧರ್ಮದ ಮಾತು ಬರುತ್ತದೆ. ನಮ್ಮ ಪರಂಪರೆಯಲ್ಲಿ ದಾಮದುಪ್ಪಟವೂ ಇದೆ, ವರ್ಣಕ್ರಮದ ಬಡ್ಡಿಯೂ ಇದೆ. ಯಾವುದನ್ನು ನಮ್ಮದೆಂದು ಎತ್ತಿಕೊಳ್ಳುತ್ತೇವೆಂಬುದು ನಮ್ಮ ಹೊಣೆ. ನಗರದಲ್ಲಿ ಸಂಬಳದವನಿಗೆ ಮನೆ ಕಟ್ಟಲು ಸಾಲ ಒಂದಂಕಿಯ ಬಡ್ಡಿಗೆ ಸಿಕ್ಕಬಹುದು. ಬೆಳಗಿನ ಜಾವ ತರಕಾರಿ ಕೊಳ್ಳಲು ಕೈಸಾಲ ಎತ್ತುವ ಗಾಡಿಯವಳು ಮೀಟರ್ ಬಡ್ಡಿ ಕಟ್ಟುತ್ತಾಳೆ. ಕಿರುಸಾಲದ ವಸೂಲಿಯ ಕಾಟ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ನಮ್ಮ ಆಧ್ಯಾತ್ಮಿಕ ಮೌಲ್ಯಗಳ ವಿಚಾರವಾಗಿ ಸಭೆ ನಡೆಸುವವರು ಮೊದಲು ಆ ಗಾಡಿಯವಳ ಬಡ್ಡಿಯ ಲೆಕ್ಕವನ್ನು ತೆಗೆದು ನೋಡಲಿ. ಅದು ಕೌಟಿಲ್ಯನ ಒಂದೂಕಾಲಕ್ಕೆ ಹತ್ತಿರವಿದೆಯೇ, ಮನುವಿನ ಐದಕ್ಕೆ ಹತ್ತಿರವಿದೆಯೇ?